ಹನ್ನೊಂದೂವರೆ ಅಂಗುಲದ ಹೊರೆ: ಕೋಲಾರದ ಒಂದು ಚಪ್ಪಡಿ ಮಾಳಿಗೆಯ ದುರಸ್ತಿ

ಹಸ್ತ ಮಳೆ ರಾತ್ರಿ ಎಂಟಕ್ಕೆ ಹಿಡಿದರೆ ಈ ಮನೆಯ ನಡುಮನೆಯಲ್ಲಿ ಮೊದಲ ಹನಿ ಬೀಳುತ್ತಿದ್ದುದು ಹನ್ನೊಂದು, ಹನ್ನೆರಡರ ಹೊತ್ತಿಗೆ. ಬೆಳಿಗ್ಗೆ ಮಳೆ ನಿಂತು ಬಿಸಿಲು ಬಿದ್ದರೂ ಹನಿ ನಿಲ್ಲುತ್ತಿರಲಿಲ್ಲ. ಇನ್ನೆರಡು ದಿನ ಪಾತ್ರೆ ಇಟ್ಟೇ ಇರಬೇಕು. ನೋಡಲು ಬಂದ ಮೇಸ್ತ್ರಿಗಳೆಲ್ಲ "ಎಲ್ಲಿ ಸೋರುತ್ತೆ?" ಎಂದು ಕೇಳಿ, ಮೇಲೆ ಹತ್ತಿ, ಆ ಜಾಗದ ಮೇಲೆ ನಿಂತು ನೋಡಿ ಇಳಿದಿದ್ದರು. ಯಾವಾಗ ಶುರುವಾಗುತ್ತೆ, ಯಾವಾಗ ನಿಲ್ಲುತ್ತೆ ಎಂದು ಕೇಳಿದ್ದರೆ ಅರ್ಧ ಉತ್ತರ ಕೆಳಗೇ ಸಿಗುತ್ತಿತ್ತು. ನೇರ ತೂತಿದ್ದರೆ ಮಳೆಯ ಜೊತೆಗೇ ಸೋರಿ ಮಳೆಯ ಜೊತೆಗೇ ನಿಲ್ಲುತ್ತದೆ. ತಡವಾಗಿ ಶುರುವಾಗಿ ತಡವಾಗಿ ನಿಂತರೆ ಮಾಳಿಗೆಯ ಹೊಟ್ಟೆಯೊಳಗೆ ನೀರು ಕೂಡಿಕೊಂಡಿದೆ ಎಂದರ್ಥ.

ಮನೆ ಕೋಲಾರದ ಹಳೇ ಪೇಟೆ ಭಾಗದ್ದು, ಸುಮಾರು ಎಂಬತ್ತು ವರ್ಷ ಹಳೆಯದು. ಅಂತರಗಂಗೆ ಬೆಟ್ಟದ ಬುಡದ ಈ ಊರಿಗೆ ಮರಕ್ಕಿಂತ ಕಲ್ಲು ಸುಲಭ; ಹಾಗಾಗಿ ಹಳೆ ಮನೆಗಳಲ್ಲಿ ಕಂಬವೂ ಕಲ್ಲು, ದೂಲವೂ ಕಲ್ಲು, ಸೂರೂ ಕಲ್ಲು. ಇದು ಐದಂಕಣದ ಮನೆ; ಎರಡು ದೂಲ ಅಥವಾ ಗೋಡೆಗಳ ನಡುವಿನ ಜಾಗವೇ ಒಂದು ಅಂಕಣ. ಬೀದಿಯ ಕಡೆಯಿಂದ ಹಿತ್ತಲವರೆಗೆ ಒಂದರ ಹಿಂದೊಂದು ಐದು ಅಂಕಣ, ಪ್ರತಿ ಅಂಕಣಕ್ಕೂ 7 ಅಡಿ ಬಿಡುವು, 20 ಅಡಿ ಅಗಲ. ಒಂದೊಂದು ಅಂಕಣದ ಮೇಲೂ 8 ಅಡಿ ಉದ್ದ, ಹೆಚ್ಚೂಕಡಿಮೆ 2 ಅಡಿ ಅಗಲ, 4 ಅಂಗುಲ ದಪ್ಪದ ಹತ್ತು ಚಪ್ಪಡಿ, ಒಟ್ಟು 50. ಎರಡು ತುದಿಯಲ್ಲೂ 6 ಅಂಗುಲದಷ್ಟು ಗೋಡೆ ಅಥವಾ ದೂಲದ ಮೇಲೆ ಕೂತಿವೆ. ಗ್ರಾನೈಟ್ ಕಲ್ಲಾದ್ದರಿಂದ ಚದರಡಿಗೆ ಸುಮಾರು 25 ಕಿಲೊ, ಅಂದರೆ ಒಂದು ಚಪ್ಪಡಿ 400 ಕಿಲೊ. ಗೋಡೆಗಳು ಮಣ್ಣಿನ ಗಾರೆಯಲ್ಲಿ ಕಟ್ಟಿದ 18 ಅಂಗುಲದ ಕಲ್ಲುಗೋಡೆ. ಉತ್ತರಕ್ಕೆ ಮನೆಯವರದೇ ಆದ 3 ಅಡಿ ಸಂದಿ. ದಕ್ಷಿಣಕ್ಕೆ ಪಕ್ಕದ ಮನೆ.

ಆ ಪಕ್ಕದ ಮನೆಯೂ ಒಂದು ಕಾಲಕ್ಕೆ ಇಂಥದೇ ಚಪ್ಪಡಿ ಮನೆ. ಎರಡೂ ಮಾಳಿಗೆ ಒಂದೇ ಮಟ್ಟದಲ್ಲಿದ್ದು, ನಡುವೆ ಮೊಳದೆತ್ತರದ ಗಾರೆ ಏರಿಯಷ್ಟೇ ಇತ್ತು. 2020ರಲ್ಲಿ ಅವರು ಹಳೆಯದನ್ನು ಕೆಡವಿ ಮೂರು ಅಂತಸ್ತಿನ ಆರ್‌ಸಿಸಿ ಮನೆ ಎತ್ತಿದರು. ಹೊಸ ಗೋಡೆ ಹಳೆ ಗೋಡೆಗೆ ಅಂಟಲಿಲ್ಲ. ನಡುವೆ ಎರಡಂಗುಲ ಬಿಡುವು ಉಳಿಯಿತು. ಕಾಲು ತೂರದ ಆ ಬಿಡುವಿಗೆ ಯಾರೂ ಲೆಕ್ಕ ಕೊಡಲಿಲ್ಲ. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ಕೋಡಿ ಹರಿದ ಮಳೆಯಲ್ಲಿ ಮೊದಲ ಬಾರಿ ಈ ಮನೆಯ ಹಜಾರದ ದಕ್ಷಿಣ ಗೋಡೆ ಮೇಲಿಂದ ಕೆಳಗಿನವರೆಗೆ ನೆನೆಯಿತು. ಮುಂದಿನ ಬೇಸಿಗೆಯಲ್ಲಿ ತಾರಸಿಗೆ ಬಿಳಿ ಅಕ್ರಿಲಿಕ್ ಬಣ್ಣ ಎರಡು ಕೋಟ್ ಬಿತ್ತು. ಆ ವರ್ಷ ಸೋರಿಕೆ ಕಮ್ಮಿಯಾಗುವ ಬದಲು ಮೂರು ಕಡೆಗೆ ಹಬ್ಬಿತು.

ಕೆಳಗಿನಿಂದ ನೋಡಿದ್ದು

ತಪಾಸಣೆ ಮಾಳಿಗೆಯ ಮೇಲಿಂದ ಶುರುವಾಗಲಿಲ್ಲ. ಮೊದಲು ಒಳಗಡೆಯ ಸುಣ್ಣ ಕೆರೆದು ಚಪ್ಪಡಿಗಳನ್ನು ಬೆತ್ತಲೆ ಮಾಡಲಾಯಿತು. ಬೀದಿ ಕಡೆಯದು ಒಂದನೇ ಅಂಕಣ, ಅಡುಗೆಮನೆ ಐದನೆಯದು. ಚಪ್ಪಡಿಗಳಿಗೆ ಉತ್ತರದಿಂದ 1ರಿಂದ 10. ಸೀಮೆಸುಣ್ಣದಲ್ಲಿ ನಂಬರು ಹಾಕಿ, ಅದನ್ನೇ ಒಂದು ಹಾಳೆಗೆ ಇಳಿಸಿ, ಮುಂದಿನದೆಲ್ಲ ಆ ಹಾಳೆಯ ಮೇಲೇ ಬರೆದರು. ಐವತ್ತು ಕಲ್ಲಿರುವ ಕಡೆ "ಆ ಮೂಲೆ ಹತ್ತಿರದ್ದು" ಎಂದು ಹೇಳಿಕೊಂಡು ಕೆಲಸ ನಡೆಸಲಾಗದು.

ಪ್ರತಿ ಚಪ್ಪಡಿಯನ್ನೂ ಅರ್ಧ ಕಿಲೊ ಸುತ್ತಿಗೆಯಿಂದ ಮೂರು ಕಡೆ ತಟ್ಟಿದರು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಸೀಳಿದ್ದು ಒಡೆದ ಮಡಕೆಯಂತೆ ಮಂಕಾಗಿ ಸದ್ದು ಮಾಡುತ್ತದೆ. ಸಂಶಯ ಬಂದ ಕಲ್ಲಿಗೆ ಒದ್ದೆ ಬಟ್ಟೆಯಿಂದ ಚೆನ್ನಾಗಿ ನೀರು ಬಳಿದು, ಒರೆಸಿ, ಹತ್ತು ನಿಮಿಷ ಕಾದು ನೋಡುವುದು. ಮೇಲ್ಮೈ ಒಣಗಿ ಬೂದಿಯಾಗುತ್ತ ಬಂದಂತೆ ಬಿರುಕು ಮಾತ್ರ ಕಪ್ಪು ಗೆರೆಯಾಗಿ ಉಳಿಯುತ್ತದೆ, ಏಕೆಂದರೆ ಅದು ನೀರನ್ನು ಒಳಗೆ ಹೀರಿಕೊಂಡಿರುತ್ತದೆ. ಬರಿಗಣ್ಣಿಗೆ ಕಾಣದ ಕೂದಲೆಳೆ ಬಿರುಕು ಹಿಡಿಯಲು ಇದಕ್ಕಿಂತ ಸಲೀಸಾದ ದಾರಿ ಇಲ್ಲ.

ಹೀಗೆ ಎರಡು ಸಿಕ್ಕವು. ನಾಲ್ಕನೇ ಅಂಕಣದ 5ನೇ ಚಪ್ಪಡಿ ನಟ್ಟನಡುವೆ ಅಡ್ಡಕ್ಕೆ ಸೀಳಿತ್ತು. ಎರಡನೇ ಅಂಕಣದ 10ನೆಯದು, ದಕ್ಷಿಣ ಗೋಡೆಯ ಪಕ್ಕದ್ದು, ದೂಲದ ಮೇಲೆ ಕೂತ ತುದಿಯಲ್ಲಿ ಓರೆಯಾಗಿ ಒಡೆದಿತ್ತು. ಚಪ್ಪಡಿಯ ಉದ್ದಕ್ಕೆ ಹೋಗುವ ಬಿರುಕು ನೀರಿನ ಸಮಸ್ಯೆ. ಎರಡು ಭಾಗವೂ ಎರಡೂ ತುದಿಯಲ್ಲಿ ಕೂತಿರುತ್ತವೆ. ಅಡ್ಡ ಬಿರುಕು ಜೀವದ ಸಮಸ್ಯೆ. ಆರ್‌ಸಿಸಿಯೊಳಗೆ ಕಬ್ಬಿಣ ಇರುತ್ತದೆ, ಬೀಳುವ ಮೊದಲು ಬಾಗಿ, ಉದುರಿ ಎಚ್ಚರಿಸುತ್ತದೆ. ಕಲ್ಲು ಎಚ್ಚರಿಸುವುದಿಲ್ಲ. ಅದೇ ಸಂಜೆ ಆ ಎರಡು ಚಪ್ಪಡಿಗಳ ಕೆಳಗೆ ಜಾಕಿ (ತಿರುಗಿಸಿ ಎತ್ತರಿಸುವ ಕಬ್ಬಿಣದ ಊರೆ) ನಿಂತವು, ನಡುಮನೆಯ ಹಿಂದಿನ ಕೋಣೆಯಿಂದ ಮಂಚ ಹೊರಬಂತು.

ನಾಲ್ಕನೇ ಅಂಕಣದ ಸೀಳಿಗೆ ಕಾರಣ ಹುಡುಕಬೇಕಿರಲಿಲ್ಲ. ಅದರ ನೆತ್ತಿಯ ಮೇಲೆ ಇಟ್ಟಿಗೆ ಕಟ್ಟೆ, ಕಟ್ಟೆಯ ಮೇಲೆ 1000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್. ತುಂಬಿದ ಟ್ಯಾಂಕು ಒಂದು ಟನ್, ಕಟ್ಟೆ 300 ಕಿಲೊ. ಇಷ್ಟೂ ಎರಡು ಚಪ್ಪಡಿಯ ಹೊಟ್ಟೆಯ ಮೇಲೆ. ಲೆಕ್ಕ ಹಾಕಿದರೆ, ಇಡೀ ಮಾಳಿಗೆಯ ಹೊರೆಯಿಂದ ಆ ಚಪ್ಪಡಿಗಳ ಮೇಲಿದ್ದ ಬಾಗುವ ಒತ್ತಡವನ್ನು ಟ್ಯಾಂಕ್ ಒಂದೇ ಹೆಚ್ಚೂಕಡಿಮೆ ಇಮ್ಮಡಿ ಮಾಡಿತ್ತು. ಚಪ್ಪಡಿ ಮನೆಗಳಲ್ಲಿ ಟ್ಯಾಂಕ್ ಯಾವತ್ತೂ ಅಂಕಣದ ನಡುವೆಯೇ ಯಾಕಿರುತ್ತದೋ! ಗೋಡೆ ನೆತ್ತಿ ಎರಡೇ ಹೆಜ್ಜೆ ಆಚೆ ಇರುತ್ತದೆ.

ಮೇಲೆ ಏನಿತ್ತು

ನೀರು ತುಂಬಿದ ಟ್ಯೂಬ್ ಹಿಡಿದು ಮಟ್ಟ ನೋಡಿದಾಗ ಮೂರನೇ ಅಂಕಣದ ನಡುಭಾಗ ಮಳೆನೀರು ಹೊರಬೀಳುವ ಹಿತ್ತಲ ಕಡೆಯ ದೋಣಿಬಾಯಿಗಿಂತ ಮುಕ್ಕಾಲು ಅಂಗುಲ ಕೆಳಗಿತ್ತು. ಅಂದರೆ ಮಳೆನೀರು ದೋಣಿಗೆ ಹೋಗಬೇಕಾದರೆ ಏರು ಹತ್ತಬೇಕು. ಮೂಲದಲ್ಲಿ ವಾಟ (ನೀರು ಹರಿಯಲು ಕೊಟ್ಟ ಇಳಿಜಾರು) ಸರಿಯಾಗಿಯೇ ಇತ್ತು, ಹಿತ್ತಲ ಕಡೆಗೆ. ಆಮೇಲಿನ ದುರಸ್ತಿಗಳು ಅದನ್ನು ತಿಂದು ಹಾಕಿದ್ದವು.

ಮೂರನೇ ಅಂಕಣದಲ್ಲಿ ಒಂದಡಿ ಚೌಕದ ಗುಂಡಿ ತೋಡಿ ಪದರಗಳನ್ನು ಎಣಿಸಿದರು. ಚಪ್ಪಡಿಯ ಮೇಲೆ 4 ಅಂಗುಲ ಸುಣ್ಣ ಬೆರೆಸಿದ ಮಣ್ಣು, ಅದರ ಮೇಲೆ 3 ಅಂಗುಲ ಇಟ್ಟಿಗೆ ಜಲ್ಲಿಯ ಸುಣ್ಣದ ಗಾರೆ. ಇದು ಕಟ್ಟಿದವರು ಹಾಕಿದ್ದು. ಅದರ ಮೇಲೆ ಒಂದು ಕಾಲದಲ್ಲಿ ಬಿದ್ದ 1 ಅಂಗುಲ ಸಿಮೆಂಟ್ ಗಾರೆ, ಇನ್ನೊಂದು ಕಾಲದಲ್ಲಿ 2 ಅಂಗುಲ ಜಲ್ಲಿ ಕಾಂಕ್ರೀಟು, ಮತ್ತೆ ಒಂದೂವರೆ ಅಂಗುಲದ ಚಪ್ಪಟೆ ಹೆಂಚು, ಕೊನೆಗೆ ಬಣ್ಣ. ಒಟ್ಟು ಹನ್ನೊಂದೂವರೆ ಅಂಗುಲ. ಚಪ್ಪಡಿಯೂ ಸೇರಿ ಮೂಲ ಮಾಳಿಗೆ ಚದರಡಿಗೆ 54 ಕಿಲೊ ಇದ್ದದ್ದು 77 ಕಿಲೊ ಆಗಿತ್ತು. ಪ್ಯಾರಪೆಟ್‌ನ ಒಳಗಿನ 760 ಚದರಡಿಗೆ ಲೆಕ್ಕ ಹಾಕಿದರೆ, ಸೋರಿಕೆ ನಿಲ್ಲಿಸುವ ಹೆಸರಿನಲ್ಲಿ ಎಪ್ಪತ್ತು ಕಿಲೊದ ಮನುಷ್ಯರು ಇನ್ನೂರೈವತ್ತು ಜನ ಈ ಮಾಳಿಗೆ ಹತ್ತಿ ಕಾಯಮ್ಮಾಗಿ ಕೂತಿದ್ದ ಹಾಗೆ: 17 ಟನ್‌ಗೂ ಮಿಕ್ಕಿದ ಭಾರ.

ಗುಂಡಿ ತೋಡಿದ್ದು ಜನವರಿ ಮೂರನೇ ವಾರ. ಕೊನೆಯ ಮಳೆ ಬಿದ್ದು ಎರಡು ತಿಂಗಳು ದಾಟಿತ್ತು. ಹೆಂಚು ಸುಡುತ್ತಿತ್ತು, ಕಾಂಕ್ರೀಟು ಒಣಗಿ ಬೆಳ್ಳಗಿತ್ತು. ಸಿಮೆಂಟ್ ಗಾರೆಯ ಪದರ ಎಬ್ಬಿಸುತ್ತಿದ್ದಂತೆ ಕೆಳಗಿನ ಸುಣ್ಣದ ಗಾರೆ ಕಪ್ಪಗೆ ಬೆವರಿತ್ತು. ಅದರ ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಿತು, ಬೆರಳ ಗುರುತು ಉಳಿಯಿತು, ಹಳೇ ಬಾವಿಯ ವಾಸನೆ ಬಂತು.

ಈ ಮನೆಯ ಕಾಯಿಲೆ ಅದೇ. ಸುಣ್ಣದ ಮಾಳಿಗೆ ನೀರನ್ನು ಪೂರ್ತಿ ತಡೆಯುವಂಥದ್ದಲ್ಲ. ಬಹುಪಾಲು ನೀರನ್ನು ವಾಟದಲ್ಲಿ ಓಡಿಸುತ್ತದೆ, ಸ್ವಲ್ಪ ಕುಡಿಯುತ್ತದೆ, ಬಿಸಿಲು ಬಂದಾಗ ಕುಡಿದದ್ದನ್ನು ಬಿಡುತ್ತದೆ. ವರ್ಷಕ್ಕೆ 700 ಮಿ.ಮೀ. ಆಸುಪಾಸಿನ ಮಳೆ, ಮಳೆಗಳ ನಡುವೆ ಬೇಕಾದಷ್ಟು ಬಿಸಿಲು ಇರುವ ಕೋಲಾರಕ್ಕೆ ಈ ಲೆಕ್ಕಾಚಾರ ಹೊಂದಿಕೊಂಡಿತ್ತು. ಮೇಲೆ ಸಿಮೆಂಟ್ ಬಿದ್ದಾಗ ನೀರು ಬರುವ ದಾರಿ ಪೂರ್ತಿ ಮುಚ್ಚಲಿಲ್ಲ, ಹೋಗುವ ದಾರಿ ಮಾತ್ರ ಮುಚ್ಚಿತು. ಸಿಮೆಂಟು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗಿ ಪ್ಯಾರಪೆಟ್ಟಿನ ಬುಡದಲ್ಲಿ ಬಿರಿಯಿತು. ಆ ಬಿರುಕಿನಿಂದ ಇಳಿದ ನೀರು ಆವಿಯಾಗಿ ಮೇಲೇಳಲಾರದೆ ಮಣ್ಣಿನಲ್ಲೇ ನಿಂತು, ಸಂದಿನ ಗಾರೆ ಸತ್ತಿರುವ ಕಡೆ ಹನಿಯಿತು. ಅಕ್ರಿಲಿಕ್ ಬಣ್ಣ ಉಳಿದ ಕಿಟಕಿಯನ್ನೂ ಮುಚ್ಚಿತು. ಅದು ಗುಳ್ಳೆ ಗುಳ್ಳೆಯಾಗಿ ಎದ್ದದ್ದು ಕೆಳಗಿನ ಆವಿ ತಳ್ಳಿದ್ದರಿಂದ, ಬಣ್ಣದವನು ಆಪಾದಿಸಿದಂತೆ ಧೂಳಿನಿಂದಲ್ಲ.

ಇನ್ನು ದಕ್ಷಿಣದ ಎರಡಂಗುಲದ ಸಂದು. ಮೂರಂತಸ್ತಿನ ಗೋಡೆಗೆ ಎರಚುವ ಮಳೆಯೆಲ್ಲ ಜಾರಿ ಬೀಳುತ್ತಿದ್ದುದು ಅಲ್ಲಿಗೇ. ಪೈಪಿನಲ್ಲಿ ಪಕ್ಕದ ಗೋಡೆಗೆ ಇಪ್ಪತ್ತು ನಿಮಿಷ ನೀರು ಹಾಯಿಸಿದಾಗ, ಮಾಳಿಗೆಗೆ ಒಂದು ಹನಿಯೂ ಬೀಳದಿದ್ದರೂ, ಎರಡನೇ ಅಂಕಣದ 10ನೇ ಚಪ್ಪಡಿ ಮತ್ತು ಗೋಡೆಯ ನಡುವಿನಿಂದ ಹನಿ ಶುರುವಾಯಿತು. ಅಡುಗೆಮನೆಯ ಸೋರಿಕೆ ಬೇರೆಯದೇ: ದೋಣಿಕಲ್ಲಿನ ಸುತ್ತ ಕಾಂಕ್ರೀಟು ಬಿಟ್ಟುಕೊಂಡು ನೀರು ದೋಣಿಯ ಒಳಗಿನಿಂದಲ್ಲ, ಹೊರಮೈ ಹಿಡಿದು ಗೋಡೆಗೆ ಇಳಿಯುತ್ತಿತ್ತು. ಮೂರು ಕಡೆ ಸೋರಿಕೆ, ಮೂರಕ್ಕೂ ಮೂರು ಕಾರಣ. ಒಂದೇ ಬಣ್ಣ ಮೂರಕ್ಕೂ ಮದ್ದಾಗುವುದು ಹೇಗೆ?

ಏನು ಮಾಡಬಹುದಿತ್ತು

ಎಲ್ಲರೂ ಮೊದಲು ಹೇಳಿದ್ದು ಕೆಡವಿ ಆರ್‌ಸಿಸಿ ಹಾಕಿ ಅಂತ. ಭಾರದ ದೃಷ್ಟಿಯಿಂದ ಆಕ್ಷೇಪಣೆ ಇಲ್ಲ. 5 ಅಂಗುಲದ ಆರ್‌ಸಿಸಿ ಚದರಡಿಗೆ 30 ಕಿಲೊ, ಚಪ್ಪಡಿಗಿಂತ ಕೊಂಚ ಹೆಚ್ಚು ಅಷ್ಟೇ. ಆದರೆ ಮಣ್ಣಿನ ಗಾರೆಯ ಗೋಡೆಗೆ ನೆತ್ತಿಯ ಮೇಲೆ ಸುತ್ತ ಕಾಂಕ್ರೀಟ್ ಪಟ್ಟಿ ಬೇಕು, 400 ಕಿಲೊದ ಐವತ್ತು ಕಲ್ಲುಗಳನ್ನು ಹತ್ತಡಿ ಬೀದಿಯಲ್ಲಿ ಇಳಿಸಬೇಕು, ಹೊಸ ನಕ್ಷೆ ಮಂಜೂರಾತಿಗೆ ಹೋದರೆ ಸುತ್ತ ಬಿಡಬೇಕಾದ ಜಾಗದಲ್ಲೇ ಸುಮಾರು 26 ಅಡಿ ಅಗಲದ ನಿವೇಶನ ಕರಗುತ್ತದೆ. ಐವತ್ತರಲ್ಲಿ ಹತ್ತೋ ಹನ್ನೆರಡೋ ಚಪ್ಪಡಿ ಸೀಳಿದ್ದರೆ ಅದನ್ನೇ ಮಾಡಬೇಕಾಗುತ್ತಿತ್ತು. ಎರಡಕ್ಕೆ ಅಲ್ಲ.

ಎರಡನೆಯದು ಈಗ ಎಲ್ಲ ಕಡೆ ಕಾಣುವ ತಗಡಿನ ಮೇಲ್ಸೂರು. ತಪ್ಪು ಉಪಾಯವೇನಲ್ಲ. ಕಂಬಗಳು ಗೋಡೆ ನೆತ್ತಿಯ ಮೇಲೇ ನಿಂತು, ಏಪ್ರಿಲ್, ಮೇ ತಿಂಗಳ ಗಾಳಿಮಳೆ ಎತ್ತದಂತೆ ಭದ್ರವಾಗಿ ಕಟ್ಟಿದರೆ ಹತ್ತಿಪ್ಪತ್ತು ವರ್ಷ ಕಾಯುತ್ತದೆ. ಆದರೆ ಇಲ್ಲಿ ಮುಖ್ಯ ನೀರು ಬರುತ್ತಿದ್ದುದು ಪಕ್ಕದ ಸಂದಿನಿಂದ. ಮೇಲೆ ತಗಡು ಹಾಕಿದರೂ ಆ ಸಂದು ಅಲ್ಲೇ ಇರುತ್ತದೆ, 17 ಟನ್ ಹೊರೆಯೂ ಅಲ್ಲೇ ಇರುತ್ತದೆ, ಸೀಳಿದ ಚಪ್ಪಡಿ ತಗಡಿನ ನೆರಳಲ್ಲಿ ಮರೆತುಹೋಗುತ್ತದೆ.

ಹೀಗಾಗಿ ತೀರ್ಮಾನವಾದದ್ದು: ಚಪ್ಪಡಿಯವರೆಗೆ ಎಲ್ಲ ಪದರ ತೆಗೆಯುವುದು, ಎರಡು ಕಲ್ಲು ಬದಲಿಸುವುದು, ಚಪ್ಪಡಿಗಳ ನಡುವಿನ ಸಂದು ತುಂಬುವುದು, ವಾಟವನ್ನು ಹಿತ್ತಲಿಗಲ್ಲದೆ ಉತ್ತರದ ಸಂದಿಗೆ ತಿರುಗಿಸಿ ಸುಣ್ಣದ ಗಾರೆ ಹಾಕುವುದು. ಉದ್ದಕ್ಕೆ 38 ಅಡಿ ವಾಟ ಕೊಡಲು ಹೋದರೆ 60ಕ್ಕೆ 1ರಂತೆ ಏಳೂವರೆ ಅಂಗುಲ ಏರಿಸಬೇಕು, ಮತ್ತೆ ಅದೇ ಹೊರೆ. ಅಡ್ಡಕ್ಕೆ 20 ಅಡಿಗೆ 4 ಅಂಗುಲ ಸಾಕು.

ತೆಗೆದದ್ದು

ಸಂಕ್ರಾಂತಿ ಕಳೆದ ಮೇಲೆ ಶುರು, ಮುಂಗಾರು ಪೂರ್ವದ ಗುಡುಗು ಮಳೆಗೆ ಮೊದಲೇ ಮುಗಿಯಬೇಕು. ಮೊದಲ ಕೆಲಸ ಜಾಕಿ. ಪ್ರತಿ ಅಂಕಣದ ಕೆಳಗೆ ಎರಡು ಸಾಲು, ಗೋಡೆಯಿಂದ ಎರಡೂಕಾಲು ಅಡಿ ಬಿಟ್ಟು ಒಂದೊಂದು; ಜಾಕಿಯ ತಲೆಗೆ ನಾಲ್ಕಕ್ಕೆ ಮೂರರ ಮರದ ಪಟ್ಟಿ, ಮರಕ್ಕೂ ಕಲ್ಲಿಗೂ ನಡುವೆ ಮಡಚಿದ ಗೋಣಿತಾಟು. ಇಲ್ಲಿ ಸೆಂಟ್ರಿಂಗ್ ಹುಡುಗರಿಗೆ ಕೈ ಹಿಡಿದು ಹೇಳಬೇಕಾದ ಒಂದು ಮಾತಿದೆ. ಕಾಂಕ್ರೀಟು ಹಾಕುವಾಗ ಜಾಕಿ ಬಿಗಿ ಮಾಡಿ ಅಭ್ಯಾಸ ಅವರಿಗೆ. ಚಪ್ಪಡಿಯ ಕೆಳಗೆ ಹಾಗೆ ಬಿಗಿದರೆ ಕಲ್ಲು ನಡುವಿನಲ್ಲಿ ಮೇಲಕ್ಕೆ ಉಬ್ಬಲು ಹೋಗಿ ಮೇಲ್ಮೈ ಸೀಳುತ್ತದೆ. ಕಲ್ಲಿಗೆ ಎಳೆತ ತಡೆಯುವ ಶಕ್ತಿ ತೀರಾ ಕಡಿಮೆ. ಗೋಣಿತಾಟು ಕೈಯಲ್ಲಿ ಎಳೆದರೆ ಜಾರಬಾರದು, ಅಷ್ಟಕ್ಕೆ ನಿಲ್ಲಿಸಬೇಕು. ಮೇಲಿನ ಹೊರೆ ಇಳಿಯುತ್ತ ಹೋದಂತೆ ಜಾಕಿಯನ್ನು ಗೋಣಿತಾಟು ಮತ್ತೆ ಜಾರದಷ್ಟಕ್ಕೆ ಮಾತ್ರ ಏರಿಸುತ್ತ ಬರಬೇಕು, ಏಕೆಂದರೆ ಭಾರ ಕಳೆದ ಕಲ್ಲು ಕೂದಲೆಳೆಯಷ್ಟು ಮೇಲೇಳುತ್ತದೆ.

ಬ್ರೇಕರ್ ಯಂತ್ರ ಬೇಡವೆಂದು ಮೊದಲೇ ಹೇಳಲಾಗಿತ್ತು. ಅದರ ಅದುರಿಗೆ ಮಣ್ಣುಗಾರೆಯ ಗೋಡೆಯಿಂದ ಹಿಡಿದು ಪಕ್ಕದ ಕಲ್ಲಿನವರೆಗೆ ಎಲ್ಲವೂ ಸಡಿಲವಾಗುತ್ತದೆ. ಚಾಣ, ಸುತ್ತಿಗೆಯಲ್ಲೇ ಐದು ಜನ ಒಂಬತ್ತು ದಿನ. ಕಿತ್ತ ಮಣ್ಣನ್ನು ಮಾಳಿಗೆಯ ಮೇಲೆ ಗುಡ್ಡೆ ಹಾಕುವಂತಿಲ್ಲ. ಎರಡಡಿ ಎತ್ತರದ ಗುಡ್ಡೆ ಎಂದರೆ ಚದರಡಿಗೆ 80 ಕಿಲೊ ಮೀರಿದ ಹೊರೆ. ಕಿತ್ತದ್ದು ಕಿತ್ತಂತೆ ಬುಟ್ಟಿಯಲ್ಲಿ ಇಳಿದು ಬೀದಿಯ ಟ್ರ್ಯಾಕ್ಟರಿಗೆ ಬಿತ್ತು. ಸಡಿಲಾದ ಅಳತೆಯಲ್ಲಿ ಸುಮಾರು 1000 ಘನ ಅಡಿ, ಹನ್ನೆರಡು ಲೋಡು. ಸುಣ್ಣದ ಪದರದ ಇಟ್ಟಿಗೆ ಜಲ್ಲಿಯನ್ನು ಮಾತ್ರ ಬೇರೆ ಮಾಡಿ, ತೊಳೆದು, ಹಿತ್ತಲಲ್ಲಿ ರಾಶಿ ಹಾಕಿದರು. ಸಿಮೆಂಟ್ ಅಂಟಿದ ತುಂಡು ಅದರಲ್ಲಿ ಸೇರಬಾರದು. ಸುಣ್ಣ ಅದಕ್ಕೆ ಹಿಡಿಯುವುದಿಲ್ಲ.

ಒಂದನೇ ಅಂಕಣದ ಪ್ಯಾರಪೆಟ್ಟಿನಲ್ಲಿ ಗೇಣುದ್ದದ ಅರಳಿ ಸಸಿ ಇತ್ತು. ಮನೆಯವರು ಪ್ರತಿವರ್ಷ ಕತ್ತರಿಸುತ್ತಿದ್ದರಂತೆ. ಮಣ್ಣು ತೆಗೆದಾಗ ಅದರ ಬೇರು ಎರಡು ಚಪ್ಪಡಿಗಳ ಸಂದಿನಲ್ಲಿ ಆರಡಿ ಓಡಿ, ಒತ್ತಿಕೊಂಡು ಪಟ್ಟಿಯಂತೆ ಚಪ್ಪಟೆಯಾಗಿತ್ತು. ಮೂರಡಿ ಪ್ಯಾರಪೆಟ್ ಬಿಚ್ಚಿ ಬೇರನ್ನು ಪೂರ್ತಿ ಎಳೆದು ತೆಗೆಯದೆ ಬೇರೆ ದಾರಿ ಇರಲಿಲ್ಲ.

ಕಲ್ಲು ಬದಲಿಸಿದ್ದು

ಹೊಸ ಚಪ್ಪಡಿ ಅದೇ ಅಳತೆಯದು. ತಟ್ಟಿ ನೋಡಿ, ಕಪ್ಪು ಎಳೆ ಅಡ್ಡ ಹಾದದ್ದನ್ನು ಬಿಟ್ಟು, ಮೂರು ಆರಿಸಿ ತಂದರು, ಒಂದು ಹೆಚ್ಚಿಗೆ. ಹಿತ್ತಲಲ್ಲಿ ಎರಡು ಮರದ ದಿಮ್ಮಿಯನ್ನು 7 ಅಡಿ ಅಂತರದಲ್ಲಿಟ್ಟು ಅದರ ಮೇಲೆ ಚಪ್ಪಡಿ ಮಲಗಿಸಿ, 50 ಕಿಲೊದ 20 ಮರಳು ಚೀಲಗಳನ್ನು ಸಮನಾಗಿ ಹರಡಿ ಒಂದು ಹಗಲು ಒಂದು ರಾತ್ರಿ ಬಿಟ್ಟರು. ದಕ್ಷಿಣದ ಅಂಚಿನಲ್ಲಿ ಬರಲಿರುವ ಗಾರೆ, ಹೆಂಚು, ಜೊತೆಗೆ ಹತ್ತಿ ಓಡಾಡುವ ತಾರಸಿಗೆ ಕಟ್ಟಡಗಳ ಹೊರೆಯ ಭಾರತೀಯ ಮಾನದಂಡ ಐಎಸ್ 875 ಹೇಳುವ ಚದರ ಮೀಟರಿಗೆ 150 ಕಿಲೊ, ಇದೆಲ್ಲದರ ಒಂದೂವರೆ ಪಟ್ಟು ಅದು. ಮೂರೂ ತಡೆದವು.

ಎತ್ತಲು ಒಂದು ಟನ್ನಿನ ಚೈನ್ ಪುಲ್ಲಿ. ಅದರ ಚೌಕಟ್ಟಿನ ಕಾಲುಗಳು ಅಕ್ಕಪಕ್ಕದ ಚಪ್ಪಡಿಯ ಮೇಲೆ ಊರದೆ ದೂಲ ಮತ್ತು ಗೋಡೆಯ ನೆತ್ತಿಯ ಮೇಲೆ ಊರುವಂತೆ ನಿಲ್ಲಿಸಿದರು. ಸೀಳಿದ ಕಲ್ಲನ್ನು ಒಂದು ತುದಿ ತಗ್ಗಿಸಿ ಓರೆಯಾಗಿ ಕೆಳಗಿಳಿಸಿ, ಹೊಸದನ್ನು ಅದೇ ದಾರಿಯಲ್ಲಿ ಓರೆಯಾಗಿ ಮೇಲಕ್ಕೆತ್ತಿ ಮಲಗಿಸಿದ್ದು. ಒಂದೊಂದಕ್ಕೆ ಅರ್ಧ ದಿನ.

ಎರಡನೇ ಅಂಕಣದ 10ನೇ ಚಪ್ಪಡಿ ಎತ್ತಿದಾಗ ಅದು ಒಡೆದದ್ದೇಕೆಂದು ಗೊತ್ತಾಯಿತು. ದೂಲದ ಮೇಲೆ, ಚಪ್ಪಡಿಯ ತುದಿಯ ಕೆಳಗೆ, ಅಡಿಕೆ ಗಾತ್ರದ ಒಂದು ಕಲ್ಲುಚಕ್ಕೆ. ಕಟ್ಟಿದ ದಿನ ಮಟ್ಟ ಸರಿಮಾಡಲು ಯಾರೋ ಒತ್ತಿದ್ದು. ಸುತ್ತಲಿನ ಗಾರೆ ನೀರಿಗೆ ಕರಗಿ ಹೋದ ಮೇಲೆ ಆ ತುದಿಯ ಭಾರವೆಲ್ಲ ಅದೊಂದರ ಮೇಲೇ ನಿಂತಿತ್ತು. ಕಲ್ಲಿನ ಮೇಲೆ ಚಕ್ಕೆಯ ಮೊನೆ ಕೊರೆದ ಬಿಳಿ ಚುಕ್ಕೆ, ಬಿರುಕು ಅಲ್ಲಿಂದಲೇ ಹೊರಟಿತ್ತು. ಹೊಸ ಕಲ್ಲಿಗೆ ಎರಡೂ ತುದಿಯಲ್ಲಿ ಪೂರ್ತಿ ಅಗಲಕ್ಕೂ ಮುಕ್ಕಾಲು ಅಂಗುಲ ಸುಣ್ಣದ ಗಾರೆ ಹಾಸಿ, ಅದರ ಮೇಲೆ ಕೂರಿಸಿ, ಉಕ್ಕಿ ಬಂದದ್ದನ್ನು ಕರಣೆಯಿಂದ ತೆಗೆದರು.

ಸುಣ್ಣ

ಕಿರಾಣಿ ಅಂಗಡಿಯ ಚೀಲದ ಸುಣ್ಣ ಗೋಡೆ ಬಳಿಯಲು ಸರಿ, ಮಾಳಿಗೆಗೆ ಆಗದು. ಗೋದಾಮಿನಲ್ಲೇ ಗಾಳಿ ಕುಡಿದು ಅರ್ಧ ಸತ್ತಿರುತ್ತದೆ. ಸುಮಾರು 1.2 ಟನ್ ಸುಟ್ಟ ಸುಣ್ಣದ ಕಲ್ಲು ತಂದು, ಹಿತ್ತಲ ಗುಂಡಿಯಲ್ಲಿ ಅರಳಿಸಿ, ಜರಡಿ ಹಿಡಿದು, ನೀರಿನಡಿ ಹದಿನೈದು ದಿನ ಬಿಟ್ಟರು. ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣಕ್ಕೆ ನೀರು ಸುರಿಯಬಾರದು, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಯಾರೂ ಹತ್ತಿರ ಹೋಗಕೂಡದು.

ಗಾರೆಗೆ ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ), ಒಂದು ಪಾಲು ಮರಳು. ಬರೀ ಸುಣ್ಣ, ಮರಳು ಗಾಳಿಗೆ ಮಾತ್ರ ಗಟ್ಟಿಯಾಗುತ್ತದೆ, ಒದ್ದೆಯಲ್ಲಿ ಮೆತ್ತಗೇ ಉಳಿಯುತ್ತದೆ; ಸುಟ್ಟ ಇಟ್ಟಿಗೆಯ ಪುಡಿ ಸೇರಿದರೆ ಒದ್ದೆಯಲ್ಲೂ ಗಟ್ಟಿಯಾಗುತ್ತದೆ. ಬೇಗ ಬಿಗಿಯಲೆಂದು ಒಂದೆರಡು ಬಾಣಲೆ ಸಿಮೆಂಟ್ ಸೇರಿಸುವ ಆಸೆ ಮೇಸ್ತ್ರಿಗಳಿಗೆ ಬರುತ್ತದೆ. ಅಷ್ಟು ಸ್ವಲ್ಪ ಸಿಮೆಂಟಿನಿಂದ ಗಾರೆ ಸಿಮೆಂಟೂ ಆಗುವುದಿಲ್ಲ, ಸುಣ್ಣವಾಗಿಯೂ ಉಳಿಯುವುದಿಲ್ಲ.

ಕಲಸಲು ಬೆಲ್ಲ, ಅಳಲೆಕಾಯಿ ನೀರು. ಇಲ್ಲಿ ಬಳಸಿದ ಅಳತೆ 100 ಲೀಟರ್ ನೀರಿಗೆ 2 ಕಿಲೊ ಬೆಲ್ಲ, ಜಜ್ಜಿದ ಅಳಲೆಕಾಯಿ 2 ಕಿಲೊ, ಎರಡು ದಿನ ನೆನೆಸಿ ಸೋಸಿದ್ದು. ಬೆಲ್ಲ ಹೆಚ್ಚಾದರೆ ಗಾರೆ ಬಿಗಿಯಲು ತಡ, ಇರುವೆಗೆ ಹಬ್ಬ.

ಚಪ್ಪಡಿಗಳ ನಡುವಿನ ಸಂದು ಒಟ್ಟು 520 ಅಡಿ. ಅಗಲ ಅರ್ಧ ಅಂಗುಲದಿಂದ ಎರಡು ಅಂಗುಲದವರೆಗೆ. ಹಳೆ ಗಾರೆಯನ್ನು ಕನಿಷ್ಠ 2 ಅಂಗುಲ ಆಳ ಕೆರೆದು, ಬ್ರಷ್ ಹೊಡೆದು, ನೀರು ಕುಡಿಸಿ, ಕೆಳಗಿನಿಂದ ಮರದ ಪಟ್ಟಿ ಹಿಡಿದು ಗಾರೆ ತುಂಬಿ, ಅಗಲ ಸಂದಿಗೆ ಕಲ್ಲುಚಕ್ಕೆ ಒತ್ತಿದರು. ಬೇಸರದ ಕೆಲಸ, ಇಬ್ಬರಿಗೆ ಹತ್ತು ದಿನ. ಆದರೆ ಮಾಳಿಗೆ ಸೋರುವುದೂ ಸೋರದಿರುವುದೂ ಇಲ್ಲೇ.

ಅದರ ಮೇಲೆ ಒಂದು ಪಾಲು ಗಾರೆಗೆ ಎರಡೂವರೆ ಪಾಲು ಮುಕ್ಕಾಲು ಅಂಗುಲದ ಇಟ್ಟಿಗೆ ಜಲ್ಲಿ. ದಕ್ಷಿಣದಲ್ಲಿ 6.5 ಅಂಗುಲ, ಉತ್ತರದ ಅಂಚಿನಲ್ಲಿ 2.5; ಬಡಿದ ಮೇಲಿನ ಅಳತೆ ಇದು. ಹಾಕುವಾಗ ಕಾಲು ಭಾಗದಷ್ಟು ಹೆಚ್ಚಿಗೆ ಇರಬೇಕು. ಜಲ್ಲಿ ಸುಮಾರು 340 ಘನ ಅಡಿ ಬೇಕಾಯಿತು, ಮೂರನೇ ಒಂದು ಭಾಗ ಹಳೆಯದರಿಂದಲೇ ಸಿಕ್ಕಿತು. ಮರದ ಕೊಡತಿಯಲ್ಲಿ ಸಾಲಾಗಿ ಕೂತು ಬಡಿಯುವುದು: ಮೊದಲ ದಿನ ಮೆಲ್ಲಗೆ, ಆಮೇಲೆ ಬೆಲ್ಲದ ನೀರು ಚಿಮುಕಿಸುತ್ತ ಜೋರಾಗಿ, ಕೊಡತಿ ಪುಟಿದೇಳುವವರೆಗೆ, ಗುರುತು ಬೀಳದಿರುವವರೆಗೆ. ಪ್ರತಿ ಅಂಕಣಕ್ಕೆ ನಾಲ್ಕು ದಿನ ಹಿಡಿಯಿತು. ಇಷ್ಟು ದಿನವೂ ಕೆಳಗೆ ಜಾಕಿ ಇದ್ದವು.

ಮೊದಲ ಅಂಕಣ ಕೆಟ್ಟಿತು. ಜಲ್ಲಿಯನ್ನು ಹಿಂದಿನ ರಾತ್ರಿ ನೆನೆಸಿರಲಿಲ್ಲ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿತು, ಮೂರನೇ ದಿನ ಮೈತುಂಬ ಕೆರೆ ತಳದಂತೆ ಬಿರುಕು. ಮೇಲೆ ಸುಣ್ಣದ ನೀರು ಬಳಿದು ಮುಚ್ಚೋಣ ಎಂದರು. ಒಪ್ಪದೆ 140 ಚದರಡಿ ಕಿತ್ತು ಮತ್ತೆ ಹಾಕಿಸಿದ್ದಾಯಿತು. ಮಾರ್ಚ್ ಕೊನೆಯ ಒಂದು ಅಕಾಲಿಕ ಮಳೆಗೆ ಐದನೇ ಅಂಕಣದ ಮೂಲೆಯೂ ತೊಳೆದುಹೋಯಿತು, ಟಾರ್ಪಾಲು ಗಾಳಿಗೆ ಮಗುಚಿತ್ತು.

ಹದಿನೈದು ದಿನ ಒದ್ದೆ ಹುಲ್ಲು, ಗೋಣಿ. ಆಮೇಲೆ ಸುರ್ಕಿ ಗಾರೆಯ ಮೇಲೆ 9 ಅಂಗುಲ ಚೌಕದ ಮಣ್ಣಿನ ಹೆಂಚು, ಒಡೆಯುವ ಲೆಕ್ಕವೂ ಸೇರಿ 1350. ಪ್ಯಾರಪೆಟ್ ಬುಡದಲ್ಲಿ ಸುತ್ತಲೂ ಮೂರಂಗುಲದ ಗೋಲಾ, ಅಂದರೆ ಮೂಲೆ ಮುಚ್ಚುವ ದುಂಡು ಗಾರೆ. ಉತ್ತರಕ್ಕೆ ಮೂರು ದೋಣಿ, ಒಂದೊಂದಕ್ಕೂ 4 ಅಂಗುಲದ ಪಿವಿಸಿ ಪೈಪು. ಒಂದೊಂದು ಪೈಪಿಗೆ 250 ಚದರಡಿಯ ನೀರು ಬರುತ್ತದೆ, ಅಷ್ಟನ್ನು ಅದು ಆರಾಮಾಗಿ ನುಂಗುತ್ತದೆ. ನಡುವಿನ ದೋಣಿಬಾಯಿ ಅರ್ಧ ಅಂಗುಲ ಎತ್ತರ ಕೂತಿದ್ದು ನೀರು ಬಿಟ್ಟು ನೋಡುವಾಗ ಸಿಕ್ಕಿ, ಬಿಚ್ಚಿ ಇಳಿಸಿದರು. ಚಪ್ಪಡಿಯ ಮೇಲಿನ ಹೊರೆ ಚದರಡಿಗೆ 52 ಕಿಲೊ ಇದ್ದದ್ದು ಈಗ ಸರಾಸರಿ 25. ಟ್ಯಾಂಕ್ ಹಿತ್ತಲ ಗೋಡೆಯ ಪಕ್ಕ, ದೂಲದಿಂದ ಗೋಡೆಗೆ ಹಾಯಿಸಿದ ಎರಡು ಉಕ್ಕಿನ ತೊಲೆಗಳ ಮೇಲೆ ಹೋಯಿತು.

ಪಕ್ಕದ ಗೋಡೆ

ಎರಡಂಗುಲದ ಸಂದಿಗೆ ಸಿಮೆಂಟ್ ತುಂಬುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಒಂದು ಬೇಸಿಗೆಯೂ ಬಾಳದು. ಕಲ್ಲುಮನೆಯೂ ಕಾಂಕ್ರೀಟ್ ಮನೆಯೂ ಬಿಸಿಲಿಗೆ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತವೆ, ಹೊಸ ಪಾಯ ಇನ್ನೂ ಕೂರುತ್ತಿರುತ್ತದೆ. ಇಲ್ಲಿ ಹಾಕಿದ್ದು 22 ಗೇಜಿನ ತಗಡಿನ ಪಟ್ಟಿ. ಪಕ್ಕದ ಗೋಡೆಯಲ್ಲಿ ಈ ಮನೆಯ ಏರಿಗಿಂತ 9 ಅಂಗುಲ ಮೇಲೆ ಮುಕ್ಕಾಲು ಅಂಗುಲದ ಗಾಡಿ, ಅಂದರೆ ಉದ್ದನೆಯ ಕಚ್ಚು, ಕೊರೆದು, ತಗಡಿನ ಮೇಲಂಚನ್ನು ಅದರೊಳಗೆ ಮಡಚಿ ಸೀಲೆಂಟ್ ತುಂಬಿ, ಕೆಳಂಚನ್ನು ಈ ಕಡೆಯ ಏರಿಯ ಮೇಲೆ 4 ಅಂಗುಲ ಇಳಿಬಿಟ್ಟದ್ದು. ಕೆಳಂಚಿಗೆ ಮೊಳೆ ಇಲ್ಲ, ಗಾರೆ ಇಲ್ಲ. ಎರಡೂ ಮನೆ ಬೇಕಾದಂತೆ ಅಲುಗಾಡಲಿ, ತಗಡು ಛತ್ರಿಯಂತೆ ಸಂದಿನ ಮೇಲಿರುತ್ತದೆ. ತಗಡಿನ ಜೋಡಣೆ 6 ಅಂಗುಲ ಒಂದರ ಮೇಲೊಂದು.

ಗೋಡೆ ಪಕ್ಕದವರದು, ಗಾಡಿ ಕೊರೆಯಲು ಅವರ ಒಪ್ಪಿಗೆ ಬೇಕು. ಅದಕ್ಕೆ ತಗಡು ಹಾಕುವುದಕ್ಕಿಂತ ಹೆಚ್ಚು ದಿನ ಹಿಡಿಯಿತು. ಅವರ ನೆಲಮಾಳಿಗೆಯ ಕೋಣೆಯೊಂದಕ್ಕೂ ಅದೇ ಸಂದಿನಿಂದ ಥಂಡಿ ಏರುತ್ತಿತ್ತೆಂದು ಗೊತ್ತಾದ ಮೇಲೆ ತಗಡಿನ ಅರ್ಧ ಖರ್ಚು ಅವರೇ ಕೊಟ್ಟರು. ಒಪ್ಪಿಗೆಯನ್ನು ಒಂದು ಹಾಳೆಯ ಮೇಲೆ ಬರೆಸಿ ಇಬ್ಬರೂ ಸಹಿ ಹಾಕಿದ್ದಾರೆ. ಮನೆಗಳು ಕೈ ಬದಲಾದಾಗ ಬಾಯಿಮಾತು ಉಳಿಯುವುದಿಲ್ಲ.

ಒಳಗಡೆ ಚಪ್ಪಡಿಯ ತಳಕ್ಕೆ ಆ ವರ್ಷ ಏನೂ ಬಳಿಯಲಿಲ್ಲ. ದಕ್ಷಿಣ ಗೋಡೆಯ ಸಿಮೆಂಟ್ ಪ್ಲಾಸ್ಟರನ್ನು ಎದೆಮಟ್ಟದವರೆಗೆ ಕಿತ್ತು, ಉಪ್ಪಿನ ಬಿಳಿಪುಡಿಯನ್ನು ಒಣ ಬ್ರಷ್ಷಿನಲ್ಲಿ ಗುಡಿಸಿ ಹಾಗೇ ಬಿಟ್ಟರು. ನೀರಿನಲ್ಲಿ ತೊಳೆದರೆ ಉಪ್ಪು ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ.

ಮುಂದಿನ ಹಸ್ತ, ಚಿತ್ತಾ ಮಳೆಗೆ ನಡುಮನೆ, ಅಡುಗೆಮನೆ ಒಣಗಿದ್ದವು. ಸ್ವಾತಿ ಮಳೆಯಲ್ಲಿ ಎರಡನೇ ಅಂಕಣದ 6 ಮತ್ತು 7ನೇ ಚಪ್ಪಡಿ ನಡುವೆ ಅಂಗೈಯಗಲ ತೇವ ಕಂಡಿತು. ಅಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಬಳೆ ಇದೆ. ಅದರ ಬಾಲ ಸಂದಿನ ಮೂಲಕ ಮೇಲೆದ್ದು ಮಡಚಿಕೊಂಡಿದೆ. ಸಂದು ಕೆರೆಯುವಾಗ ಬಳೆ ಕೀಳಲು ಮನೆಯವರು ಒಪ್ಪಿರಲಿಲ್ಲ, ಮೂರು ತಲೆಮಾರಿನ ತೊಟ್ಟಿಲು ಅದಕ್ಕೇ ತೂಗಿದ್ದು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಹೊಸ ಗಾರೆಯನ್ನು ಬದಿಗೆ ತಳ್ಳಿದೆ. ಡಿಸೆಂಬರಿನಲ್ಲಿ ಮೇಲಿನ ನಾಲ್ಕು ಹೆಂಚು ಬಿಚ್ಚಿ, ಕಬ್ಬಿಣ ತೆಗೆದು, ಅದೇ ಅಳತೆಯ ತುಕ್ಕು ಹಿಡಿಯದ ಉಕ್ಕಿನ ಬಳೆ ಕೂರಿಸುವುದೆಂದು ಆಗಿದೆ. ಹಳೆ ಬಳೆ ದೇವರಮನೆಯ ಗೂಟಕ್ಕೆ ಹೋಗುತ್ತದಂತೆ.